ಹಳೆ ಜೀಪಿಗೆ ರಕ್ಷಣೆ ಬೇಕಾದದ್ದು ಕೆಳಗೆ

ಜತ್ತ ತಾಲೂಕಿನ ನಮ್ಮ ಸಂಖ ಭಾಗದಲ್ಲಿ ಡಾಂಬರು ಬಿಟ್ಟು ತೋಟದ ವಸ್ತಿಗೆ ಇಳಿದರೆ ಕಲ್ಲಿನ ದಾರಿ. ಅಲ್ಲಿ ಹಳೆ ಜೀಪು ಓಡಿಸುವ ಬಂಧುಗಳಿಗಾಗಿ ಈ ಮಾಹಿತಿ ಕೊಡುತ್ತಿದ್ದೇವೆ.

ರಕ್ಷಣೆ ಎಂದರೆ ನಮಗೆ ಮೊದಲು ನೆನಪಾಗುವುದು ಮುಂದಿನ ದಪ್ಪ ಪೈಪಿನ ಗಾರ್ಡ್. ಆದರೆ ಕಲ್ಲು ಬಡಿಯುವುದು ಕೆಳಗಿನ ಆಯಿಲ್ ಚೇಂಬರಿಗೆ. ಅದು ಒಡೆದು ಎಣ್ಣೆ ಸೋರಿದರೆ ಎಂಜಿನ್ನೇ ಜಾಮ್ ಆಗುತ್ತದೆ. ಮುಂದಿನ ಗಾರ್ಡ್ ಇದನ್ನು ತಡೆಯದು. ಅಡ್ಡ ಬಂದವರಿಗೆ ಮಾತ್ರ ಪೆಟ್ಟು ಜಾಸ್ತಿ. ಅನುಮತಿಯಿಲ್ಲದ ಇಂಥ ಗಾರ್ಡ್ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ.

ಚೇಂಬರಿನ ಕೆಳಗೆ ಕಬ್ಬಿಣದ ಪ್ಲೇಟ್ ಹಾಕಿಸುವಾಗ ಇವನ್ನು ಗಮನಿಸಿ:

- ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿ ನೋಡಿ, ಆಮೇಲೆ ಪ್ಲೇಟ್ ಕತ್ತರಿಸಿ.
- 3 ಮಿ.ಮೀ. ದಪ್ಪ, ಎರಡು ಅಡಿ ಚೌಕದ ಪ್ಲೇಟ್ ಸುಮಾರು 9 ಕೆಜಿ ತೂಗುತ್ತದೆ, 5 ಮಿ.ಮೀ. ಆದರೆ 15 ಕೆಜಿ. ಆ ಭಾರವೆಲ್ಲ ಮುಂದಿನ ಪಾಟಾ ಮೇಲೆ ಬೀಳುತ್ತದೆ.
- ಚೇಂಬರಿಗೂ ಪ್ಲೇಟಿಗೂ ಎರಡು ಬೆರಳು ಅಂತರವಿರಲಿ. ಆಯಿಲ್ ಇಳಿಸಲು ತೂತು ಬಿಡಿ.
- ಚಾಸಿಗೆ ವೆಲ್ಡಿಂಗ್ ಬೇಡ; ಇರುವ ತೂತುಗಳಿಗೇ ಬೋಲ್ಟ್ ಹಾಕಿಸಿ. ಬಿಚ್ಚಿ ತೊಳೆಯಲು ಅನುಕೂಲ.
- ಎರಡೂ ಬದಿಗೆ ರೆಡ್ ಆಕ್ಸೈಡ್ ಬಳಿಯಿರಿ. ಒಂದು ವಾರ ಓಡಿಸಿ ಬೋಲ್ಟ್ ಮತ್ತೆ ಬಿಗಿ ಮಾಡಿ.
- ಸೈಲೆನ್ಸರ್ ಪೈಪಿನ ಹತ್ತಿರ ಒಣಹುಲ್ಲು ಸಿಕ್ಕಿಕೊಂಡರೆ ಬೆಂಕಿಯ ಭಯ, ಆಗಾಗ ತೆಗೆಯಿರಿ.

ದುಡ್ಡು ಹಾಕುವ ಮೊದಲು ಜೀಪಿನ ಕೆಳಗೊಮ್ಮೆ ನೋಡಿ. ಕಲ್ಲು ಉಜ್ಜಿದ ಗುರುತು ಎಲ್ಲಿದೆಯೋ ರಕ್ಷಣೆ ಬೇಕಾದದ್ದು ಅಲ್ಲಿಗೆ.