ಕಡೆಯ ಪಂಕ್ತಿಯ ಊಟ ಮತ್ತು ಸ್ತ್ರೀಯ ಆರೋಗ್ಯ

ಬಾಲ್ಯದಿಂದ ಮುಪ್ಪಿನವರೆಗೆ ಸ್ತ್ರೀಯನ್ನು ಬಿಡದೆ ಕಾಡುವ ತೊಂದರೆಗಳು ಹಲವು. ಅವುಗಳಲ್ಲಿ ಸದ್ದಿಲ್ಲದೆ ಬರುವುದು, ಕಾಯಿಲೆಯೆಂದು ಯಾರೂ ಒಪ್ಪಿಕೊಳ್ಳದಿರುವುದು ರಕ್ತಹೀನತೆ. ಜ್ವರ ಬಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ಬಗ್ಗಿ ಎದ್ದಾಗ ಕಣ್ಣು ಕತ್ತಲಿಟ್ಟರೆ, “ಸ್ವಲ್ಪ ಸುಸ್ತು, ಅಷ್ಟೆ” ಎಂದು ಆಕೆಯೇ ಮಾತು ಮುಗಿಸಿಬಿಡುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ನಾವು ಬಂದು ನೆಲೆಸಿರುವ ತೆಲಂಗಾಣದಲ್ಲಿ ಈ ಪ್ರಮಾಣ 57.6, ಬಿಟ್ಟು ಬಂದ ಕರ್ನಾಟಕದಲ್ಲಿ 47.8. ಈ ಅಂಕಿಗಳು ಬಡವರ ಕೇರಿಗಳಿಗೆ ಮಾತ್ರ ಸಂಬಂಧಿಸಿದವೆಂದು ಭಾವಿಸುವ ವಾಚಕರಿದ್ದರೆ, ತಮ್ಮ ಮನೆಯ ಊಟದ ಹೊತ್ತನ್ನು ಒಮ್ಮೆ ಗಮನಿಸಬೇಕೆಂದು ಬಿನ್ನಹ.

ಸೋಜಿಗವೆಂದರೆ, ಈ ವಿಷಯವನ್ನು ಚೆನ್ನಾಗಿ ಬಲ್ಲ ಸಂಸ್ಥೆ ನಮ್ಮ ಊರಿನಲ್ಲಿಯೇ ಇದೆ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಕೂನೂರಿನ ಒಂದೇ ಕೋಣೆಯಲ್ಲಿ ಆರಂಭಿಸಿದ ಸಂಶೋಧನಾಲಯ 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು. ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಅದರ ಆವರಣ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಆ ವಿಶ್ವವಿದ್ಯಾಲಯಕ್ಕೆ ಓದಲು ಬಂದು ಇಲ್ಲೇ ಉಳಿದ ಹಿರಿಯರ ಮನೆತನಗಳು ನಮ್ಮ ನಡುವೆ ಇವೆ. ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದರೂ ಒಳಗಿನ ಸಂಗತಿ ನಮ್ಮ ಅಡಿಗೆಮನೆಯವರೆಗೆ ಬಂದಿಲ್ಲ. ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಬೇಕು; ಹೆಂಗಸಿಗೆ 29. ಅಂದರೆ ಅವನ ಒಂದೂವರೆ ಪಾಲು.

ಈ ಒಂದೂವರೆ ಪಾಲು ಸಲ್ಲಬೇಕಾದವಳು ಊಟಕ್ಕೆ ಕೂಡುವುದು ಕಡೆಯ ಪಂಕ್ತಿಯಲ್ಲಿ. ಬಿಸಿ ರೊಟ್ಟಿ ಗಂಡನಿಗೂ ಮಕ್ಕಳಿಗೂ ಆದ ಮೇಲೆ ಆಕೆಯ ಪಾಲಿಗೆ ಬರುವುದು ಪಲ್ಯದ ಬೋಗುಣಿಯ ತಳ, ಆರಿದ ಸಾರು, ಚೆಲ್ಲಲು ಮನಸ್ಸು ಬಾರದ ನಿನ್ನೆಯ ಅನ್ನ. ನೌಕರಿಗೆ ಹೋಗುವವಳ ಸ್ಥಿತಿ ಬೇರೆಯಲ್ಲ. ಎಲ್ಲರ ಡಬ್ಬಿ ತುಂಬಿದ ಮೇಲೆ ಉಳಿದುದೇ ಆಕೆಯ ಡಬ್ಬಿ. ಸಾಲದುದಕ್ಕೆ, ನಗರಕ್ಕೆ ಬಂದ ಮೇಲೆ ಜೋಳ, ಸಜ್ಜೆಗಳು ಹಿಂದೆ ಸರಿದು ಬಿಳಿ ಅಕ್ಕಿ ಮುಂದೆ ಬಂದಿದೆ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣವಿದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ಸಂಕ್ರಾಂತಿಯ ಮುನ್ನಾದಿನ ಎಳ್ಳು ಹಚ್ಚಿ ಬಡಿಯುವ ಸಜ್ಜೆ ರೊಟ್ಟಿ ವರ್ಷಕ್ಕೊಂದು ಸಲದ ನೆನಪಾಗಿ ಉಳಿದಿದೆ. ಇತ್ತ, ಇದೇ ಊರಿನ ಅಂಚಿನ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಕಬ್ಬಿಣಾಂಶ ಹೆಚ್ಚಿರುವ ‘ಧನಶಕ್ತಿ’ ಎಂಬ ಸಜ್ಜೆಯ ತಳಿಯನ್ನೇ ರೂಪಿಸಿದೆ! ಇನ್ನು ಊಟದ ಬೆನ್ನಿಗೇ ಕುಡಿಯುವ ಚಹಾ ತಿಂದ ಅನ್ನದೊಳಗಿನ ಕಬ್ಬಿಣವನ್ನು ದೇಹಕ್ಕೆ ಹತ್ತಗೊಡುವುದಿಲ್ಲ. ಇರಾನಿ ಚಹಾದ ಊರಿನಲ್ಲಿ ಈ ಮಾತು ರುಚಿಸಲಾರದು. ಚಹಾ ಬಿಡಬೇಕಾಗಿಲ್ಲ, ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿದ್ದರೆ ಸಾಕು. ಸೊಪ್ಪಿನ ಪಲ್ಯದ ಮೇಲೆ ಹಿಂಡಿದ ನಿಂಬೆಹುಳಿಯದು ಇದಕ್ಕೆ ವಿರುದ್ಧವಾದ, ಉಪಕಾರದ ಕೆಲಸ.

ಹುಡುಗಿ ಋತುಮತಿಯಾದಾಗ ನಮ್ಮ ಹಿರಿಯರು ಆರತಿ ಎತ್ತಿ, ಎಳ್ಳುಬೆಲ್ಲ ಕುಟ್ಟಿ ಚಿಗಳಿ ಮಾಡಿ ತಿನ್ನಿಸುತ್ತಿದ್ದರು. ಬೆಳೆಯುವ ಮೈಗೆ ಹೆಚ್ಚಿನ ಆಹಾರ ಬೇಕೆಂಬ ತಿಳಿವಳಿಕೆ ಆ ಶಾಸ್ತ್ರದೊಳಗೆ ಅಡಗಿತ್ತು. ಆದರೆ ಆರತಿ ಕೆಲವೇ ದಿನಗಳಿಗೆ ಮುಗಿಯುತ್ತದೆ, ತಿಂಗಳ ರಕ್ತನಷ್ಟ ಮೂವತ್ತಕ್ಕೂ ಹೆಚ್ಚು ವರ್ಷ ನಡೆಯುತ್ತದೆ. 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿ ರಕ್ತಹೀನರೆಂದು ಅದೇ ಸಮೀಕ್ಷೆ ಹೇಳುತ್ತದೆ. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಕೊಡುವ ಏರ್ಪಾಡಿದೆ. ಖಾಸಗಿ ಶಾಲೆಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ನನ್ನು ಕೇಳುವವರು ಯಾರು? ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಮಾತ್ರ ಅವಳ ದಣಿವು ನಮ್ಮ ಕಣ್ಣಿಗೆ ಬೀಳುತ್ತದೆ.

ಗರ್ಭಿಣಿಯಾದಾಗ ಇದರ ಅಪಾಯ ಇಮ್ಮಡಿಸುತ್ತದೆ. ಹೆರಿಗೆಯಲ್ಲಿ ಆಗುವ ರಕ್ತಸ್ರಾವವನ್ನು ಆರೋಗ್ಯವಂತೆ ತಡೆದುಕೊಂಡಾಳು. ಮೊದಲೇ ರಕ್ತ ಸೊರಗಿದವಳಿಗೆ ಅಷ್ಟೇ ಸ್ರಾವ ಪ್ರಾಣಾಂತಿಕ. ನಿಜಾಮರ ಸೊಸೆ ನಿಲೋಫರ್ ರಾಜಕುಮಾರಿ ತನ್ನ ಪ್ರೀತಿಯ ದಾಸಿ ಹೆರಿಗೆಯಲ್ಲಿ ತೀರಿಕೊಂಡಾಗ ಬಹಳ ನೊಂದಳೆಂದೂ, ರೆಡ್ ಹಿಲ್ಸ್ ಬಳಿಯ ನಿಲೋಫರ್ ಆಸ್ಪತ್ರೆ ಆ ನೋವಿನಿಂದ ಹುಟ್ಟಿತೆಂದೂ ಈ ಊರಿನವರು ಹೇಳುತ್ತಾರೆ. ಆಸ್ಪತ್ರೆ ಬಾಗಿಲು ತೆರೆದದ್ದು 1953ರಲ್ಲಿ. ಇಂದು ಆಸ್ಪತ್ರೆಗಳಿವೆ, ಮಾತ್ರೆಯೂ ಪುಕ್ಕಟೆ ಸಿಗುತ್ತದೆ. ಗರ್ಭಿಣಿ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕೆಂಬುದು ಸರ್ಕಾರದ ನಿಯಮ. ದೇಶದಲ್ಲಿ ಅಷ್ಟೂ ದಿನ ನುಂಗುವವರು ನಾಲ್ವರಲ್ಲಿ ಒಬ್ಬಳು! ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಮಗು ಕಪ್ಪಾಗುತ್ತದೆಂಬ ಹೆದರಿಕೆ ಬೇರೆ. ಮಲದ ಬಣ್ಣ ಬದಲಾಗುವುದು ಸಹಜ. ಮಗುವಿನ ಮೈಬಣ್ಣಕ್ಕೂ ಮಾತ್ರೆಗೂ ಸಂಬಂಧವಿಲ್ಲ. ರಾತ್ರಿ ಊಟವಾದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಅದರೊಂದಿಗೆ ಬೆರೆಸದೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಈ ಲೆಕ್ಕ ಇಡುವ ಕೆಲಸವನ್ನು ಪತಿರಾಯರು ವಹಿಸಿಕೊಂಡರೆ ಅವರ ಘನತೆಗೆ ಕುಂದೇನೂ ಬಾರದು.

ಇಲ್ಲಿ ನಮ್ಮಂಥ ವಲಸಿಗರ ಕಷ್ಟವೊಂದನ್ನು ಹೇಳಲೇಬೇಕು. ಹಿಂದೆ ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳು ಬಾಣಂತನ ಮುಗಿಸಿಕೊಂಡೇ ಮರಳುತ್ತಿದ್ದಳು. ಅಂಟಿನುಂಡೆ, ಅಳವಿ ಪಾಯಸ, ಎಣ್ಣೆ ನೀರು, ಎಲ್ಲಕ್ಕಿಂತ ಮಿಗಿಲಾಗಿ ನಿದ್ದೆ ಅಲ್ಲಿ ದೊರೆಯುತ್ತಿತ್ತು. ಈಗ ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ, ರಜೆಯ ಲೆಕ್ಕ ಹಾಕುತ್ತ ಆ ಬಾಣಂತನ ನಡೆಯುತ್ತದೆ. ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿ ನೌಕರಿಯ ಹೆಣ್ಣುಮಕ್ಕಳಿಗೆ ದೊಡ್ಡ ಆಸರೆ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವವಳಿಗೆ ಆ ರಜೆಯಿಲ್ಲ. ಇನ್ನೊಂದು ತೊಡಕು ಭಾಷೆಯದು. ಮದುವೆಯಾಗಿ ಹೊಸದಾಗಿ ಬಂದವಳಿಗೆ ತೆಲುಗು ಬಾರದು, ಉರ್ದು ತಿಳಿಯದು. ವೈದ್ಯರು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ಕುಳಿತ ಗಂಡ ಉತ್ತರ ಹೇಳುತ್ತಾನೆ. ಸ್ರಾವ ಎಷ್ಟು, ಎಷ್ಟು ದಿನ, ಗಡ್ಡೆ ಬೀಳುತ್ತದೆಯೆ ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಆಕೆಯೂ ಅವನ ಬಾಯಿಯಿಂದ ಅದನ್ನು ಹೇಳಿಸಲು ನಾಚುತ್ತಾಳೆ. ನಾಟಕ, ಭೋಜನಗಳಿಗೆ ಸಮಿತಿ ರಚಿಸುವ ನಮ್ಮ ಸಂಘಗಳು ಇಂಥವಳ ಜೊತೆ ಆಸ್ಪತ್ರೆಗೆ ಹೋಗಿ ಬರಬಲ್ಲ, ಮೂರೂ ಭಾಷೆ ಬಲ್ಲ ನಾಲ್ಕಾರು ಹಿರಿಯ ಮಹಿಳೆಯರ ಒಂದು ಪಟ್ಟಿಯನ್ನು ಸಿದ್ಧಪಡಿಸಬಾರದೆ? ಇದಕ್ಕೆ ಚಂದಾ ಎತ್ತಬೇಕಾಗಿಲ್ಲ.

ನಲವತ್ತು ದಾಟಿದ ಮೇಲಿನ ಅತಿಸ್ರಾವಕ್ಕೆ “ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ” ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಅದು ಗರ್ಭಕೋಶದ ಗಡ್ಡೆಯೂ ಇರಬಹುದು. ಹಾಗೆಂದು ಮೊದಲ ಭೇಟಿಯಲ್ಲೇ ಗರ್ಭಕೋಶ ತೆಗೆಸಿಬಿಡುವ ಆತುರವೂ ಸಲ್ಲದು. ದೇಶದಲ್ಲಿ ಈ ಶಸ್ತ್ರಕ್ರಿಯೆ ಅತಿ ಹೆಚ್ಚಾಗಿ ನಡೆದಿರುವುದು ಆಂಧ್ರ, ತೆಲಂಗಾಣಗಳಲ್ಲಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ವಿವೇಕ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ಹನಿಯಾದರೂ ತಡಮಾಡದೆ ತೋರಿಸತಕ್ಕದ್ದು, ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು.

ಕೊನೆಯದಾಗಿ, ಊರಿನ ಮನೆಗೆ ಬೀಗ ಹಾಕಿ ಮಗನೊಂದಿಗೆ ಇರಲು ಬಂದ ಅಜ್ಜಿ. ಎಂಟನೆಯ ಅಂತಸ್ತಿನಲ್ಲಿ ಮಾತಾಡಲು ಜನವಿಲ್ಲ. ರಾತ್ರಿ ಹಿಡಿ ಅವಲಕ್ಕಿ, ಅರ್ಧ ಲೋಟ ಹಾಲು. ಮುಖ ಬಿಳಿಚಿದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ತಿಂಗಳ ಸ್ರಾವ ನಿಂತವಳ ರಕ್ತ ಇಳಿದಿದ್ದರೆ ಅದಕ್ಕೊಂದು ಕಾರಣವಿರಲೇಬೇಕು. ಮೊಣಕಾಲ ನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಸ್ವಲ್ಪಸ್ವಲ್ಪವೇ ಸೋರುತ್ತಿರುವುದುಂಟು. ಟಾನಿಕ್ ಕೊಳ್ಳುವ ಮೊದಲು ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಹೋಗುವಾಗ ಆ ನೋವಿನ ಮಾತ್ರೆಗಳ ಪಟ್ಟಿಯನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು.