ಗ್ಲೌಸ್ ಸಾಲದ್ದು, ಹೊಡೆತ ಸ್ವಂತದ್ದು

ಒಂದೇ ದಿನಕ್ಕೆ 170 ರನ್! ಅದೂ ಟೆಸ್ಟ್ ಪಂದ್ಯದ ಮೊದಲ ದಿನ, ಅದೂ ಒಬ್ಬ ವಿಕೆಟ್ ಕೀಪರ್! 1964ರ ಜನವರಿ, ಮದ್ರಾಸಿನ ಕಾರ್ಪೊರೇಷನ್ ಸ್ಟೇಡಿಯಂ, ಎದುರಿಗೆ ಇಂಗ್ಲೆಂಡ್. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಮರುದಿನ ಔಟಾದಾಗ ಬೋರ್ಡಿನಲ್ಲಿ 192. ಆ ಸರಣಿಯಲ್ಲಿ ಅವರ ಒಟ್ಟು ಗಳಿಕೆ 525. ಕೀಪರ್ ಎಂದರೆ ಏಳನೆಯವನಾಗಿ ಬಂದು ನಾಲ್ಕು ರನ್ ಕುಟ್ಟಿ ಹೋಗುವವನು ಅಂತಿದ್ದ ಕಾಲವದು. ಈ ಪುಣ್ಯಾತ್ಮ ಇನಿಂಗ್ಸ್ ಶುರು ಮಾಡುತ್ತಿದ್ದರು! ಭಾರತದ ಯಾವ ಕೀಪರಿಗೂ 2013ರವರೆಗೆ ಆ 192 ದಾಟಲಾಗಲಿಲ್ಲ. ಕೊನೆಗೆ ಧೋನಿ 224 ಹೊಡೆದು ದಾಟಿದ್ದೂ ಅದೇ ಊರಲ್ಲಿ!

ಬೇಸ್‌ಬಾಲಿನಲ್ಲಿ ಹೀಗೆ ಕೂತು ಹಿಡಿದು, ಎದ್ದು ಬಾರಿಸುವ ಕ್ಯಾಚರ್‌ಗಳೆಂದರೆ ಅಮೆರಿಕದವರಿಗೆ ಪ್ರಾಣ. 389 ಹೋಮ್ ರನ್‌ಗಳ ಜಾನಿ ಬೆಂಚ್ ದೊಡ್ಡ ಲೀಗಿಗೆ ಕಾಲಿಟ್ಟದ್ದು 1967ರ ಆಗಸ್ಟಿನಲ್ಲಿ. ಕುಂದರನ್ ಕೊನೆಯ ಟೆಸ್ಟ್ ಆಡಿದ್ದು ಅದರ ಹಿಂದಿನ ತಿಂಗಳು!

1960ರಲ್ಲಿ ಮೊದಲ ಟೆಸ್ಟಿಗೆ ಇಳಿದಾಗ ಗ್ಲೌಸ್ ಕೂಡ ಸ್ವಂತದ್ದಲ್ಲ. ಕೊಟ್ಟವರು ಯಾರು ಗೊತ್ತೇ? ಯಾರ ಜಾಗಕ್ಕೆ ಇವರು ಬಂದರೋ ಆ ನರೇನ್ ತಮ್ಹಾನೆ! ಒಂದೇ ಒಂದು ರಣಜಿ ಪಂದ್ಯ ಆಡುವ ಮೊದಲೇ ಟೆಸ್ಟ್ ಆಟಗಾರ. ಆಮೇಲೆ ರೈಲ್ವೇಸ್ ಪರ ರಣಜಿಗೆ ಇಳಿದದ್ದೇ ತಡ, ದ್ವಿಶತಕ.

ಮೈಸೂರಿಗರೇ, ನಿಜವಾದ ಸ್ವಾರಸ್ಯ ಇನ್ನು ಮುಂದಿದೆ. 1964ರ ಅದೇ ಸರಣಿಯ ಬಾಂಬೆ ಟೆಸ್ಟಿನಲ್ಲಿ ನಮ್ಮೂರಲ್ಲಿ ಹುಟ್ಟಿದ 18ರ ಹುಡುಗ ಬಿ.ಎಸ್. ಚಂದ್ರಶೇಖರ್ ಮೊದಲ ಸಲ ಭಾರತಕ್ಕೆ ಬೌಲ್ ಮಾಡಿದರು. ಪೋಲಿಯೋದಿಂದ ಸೊರಗಿದ ಕೈ. ಆದರೆ ಚೆಂಡು ಬರುತ್ತಿದ್ದುದು ಸ್ಪಿನ್ನರುಗಳಿಗಿರದ ವೇಗದಲ್ಲಿ. ಕುಕ್ಕರುಗಾಲಲ್ಲಿ ಕೂತ ಕುಂದರನ್ನರ ಸ್ಥಿತಿ ಊಹಿಸಿ! ಬ್ಯಾಟ್ಸ್‌ಮನ್ನನ ಮೈ ಅಡ್ಡ ಬರುತ್ತದೆ, ಅರೆಕ್ಷಣ ಚೆಂಡೇ ಕಾಣುವುದಿಲ್ಲ, ಕಂಡಾಗ ಗ್ಲೌಸಿನ ಹತ್ತಿರವೇ ಇದೆ! ದಿನವಿಡೀ ಹೀಗೆ ಎದ್ದು ಕೂತು, ಅದೇ ಕಾಲುಗಳಲ್ಲಿ ಬ್ಯಾಟ್ ಹಿಡಿದು ಮೊದಲಿಗರಾಗಿ ಹೊರಡಬೇಕು. ಮುಂದೆ ಅವರು ರಣಜಿಯಲ್ಲಿ ನಮ್ಮ ಮೈಸೂರು ತಂಡಕ್ಕೇ ಬಂದರು. 

1967ರಲ್ಲಿ ಇಂಗ್ಲೆಂಡಿನ ಎಜ್‌ಬ್ಯಾಸ್ಟನ್ನಿನಲ್ಲಿ ಆಡಿದ ಆ ಕೊನೆಯ ಟೆಸ್ಟಿನ ಕಥೆಯಂತೂ ಹೇಳಿದರೆ ನಂಬುವುದು ಕಷ್ಟ. ಚಂದ್ರ, ನಮ್ಮ ಎನ್‌ಐಇಯಲ್ಲಿ ಓದಿದ ಪ್ರಸನ್ನ, ಬೇಡಿ, ವೆಂಕಟರಾಘವನ್: ನಾಲ್ವರೂ ಸ್ಪಿನ್ನರು! ಹೊಸ ಚೆಂಡು ಹಾಕುವವರು ಯಾರು? ಕೀಪಿಂಗ್ ಅವತ್ತು ಫಾರೂಕ್ ಎಂಜಿನಿಯರ್ ಪಾಲಾಗಿತ್ತು. ಕೈ ಖಾಲಿ ಇದ್ದವರು ಕುಂದರನ್. ನೀನು ಎಂಥ ಬೌಲರಪ್ಪಾ ಅಂತ ಕೇಳಿದರೆ ಅವರಿಗೇ ಗೊತ್ತಿರಲಿಲ್ಲವಂತೆ! ಆ ಟೆಸ್ಟಿನಲ್ಲಿ ಬ್ಯಾಟಿಂಗಿಗೂ ಅವರೇ ಓಪನರ್, ಬೌಲಿಂಗಿಗೂ ಅವರೇ ಓಪನರ್.