ನೇತ್ರಾಣಿಯ ಫೋಟೊ ಸಾವಿರ ಉಂಟು, ಹವಳದ ಲೆಕ್ಕ ಎಲ್ಲಿ?

ಮುರ್ಡೇಶ್ವರಕ್ಕೆ ಹೋಗಿ ಬಂದ ಗೆಳೆಯರ ಇನ್‌ಸ್ಟಾ ನೋಡಿ. ನೇತ್ರಾಣಿ ದ್ವೀಪದ ನೀರಡಿ, ಹಿಂದೆ ಹವಳ, ಮುಂದೆ ಬೆರಳು ಸುತ್ತಿ 'ಓಕೆ' ಎನ್ನುವ ನಮ್ಮ ಹುಡುಗರು. ಮಳೆ ನಿಂತರೆ ಸಾಕು, ಇಂಥ ಫೋಟೊಗಳ ಸುಗ್ಗಿ. ಇಷ್ಟು ಫೋಟೊ ನೋಡಿ ಅಲ್ಲಿನ ಹವಳ ಬೆಳೀತಿದೆಯೋ ಸಾಯ್ತಿದೆಯೋ ಹೇಳಬಹುದಾ?

ಆಗದು. ನಾವು ಚಂದ ಕಂಡದ್ದನ್ನಷ್ಟೇ ಕ್ಲಿಕ್ಕಿಸುತ್ತೇವೆ. ಸಮೀಕ್ಷೆ ಮಾಡುವವರ ಕ್ರಮ ಬೇರೆ. ಸಮುದ್ರದ ತಳದಲ್ಲಿ ಅಳತೆಯ ಟೇಪು ಎಳೆದು, ಅದರುದ್ದಕ್ಕೂ ಚೌಕಟ್ಟು ಇಟ್ಟು, ನೇರ ಮೇಲಿನಿಂದ ಫೋಟೊ ತೆಗೀತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಫೋಟೊ ಮೇಲೆ ಎಲ್ಲೆಂದರಲ್ಲಿ, ಉದಾಹರಣೆಗೆ 50 ಚುಕ್ಕಿ. ಚುಕ್ಕಿಯ ಕೆಳಗಿರುವುದು ಜೀವಂತ ಹವಳವೋ, ಸತ್ತದ್ದೋ, ಪಾಚಿಯೋ, ಮರಳೋ? 15 ಚುಕ್ಕಿ ಜೀವಂತ ಹವಳದ ಮೇಲೆ ಬಿದ್ದರೆ, ಆ ಫೋಟೊದಲ್ಲಿ ಹವಳದ ಹೊದಿಕೆ ಶೇ. 30.

ಸಾವಿರ ಫೋಟೊ ಅಂದರೆ 50,000 ಚುಕ್ಕಿ. ಒಂದಕ್ಕೆ ಐದೇ ಸೆಕೆಂಡ್ ಅಂದುಕೊಂಡರೂ ಸುಮಾರು 70 ಗಂಟೆ. ಮಷಿನ್ ಲರ್ನಿಂಗ್ ಬರುವುದು ಇಲ್ಲಿ. ತಜ್ಞರು ಒಂದಷ್ಟು ಚುಕ್ಕಿ ಗುರುತಿಸಿ ಕೊಡುತ್ತಾರೆ. ಚುಕ್ಕಿಯ ಸುತ್ತಲಿನ ಬಣ್ಣ, ವಿನ್ಯಾಸ ನೋಡಿ ಕಂಪ್ಯೂಟರ್ ಉಳಿದದ್ದನ್ನು ಗುರುತಿಸಲು ಕಲಿಯುತ್ತದೆ. ಅಮೆರಿಕದ 'ಕೋರಲ್‌ನೆಟ್', ಆಸ್ಟ್ರೇಲಿಯಾದ 'ರೀಫ್‌ಕ್ಲೌಡ್' ಮಾಡುವ ಕೆಲಸ ಇದೇ.

ಇಂಜಿನಿಯರಿಂಗ್ ಓದುವಾಗ ನಮ್ಮ ಪ್ರಾಜೆಕ್ಟ್ ಶೇ. 90 ಸರಿ ಉತ್ತರ ಕೊಟ್ಟರೆ ಕ್ಯಾಂಟೀನಿನಲ್ಲಿ ಪಾರ್ಟಿ. ಉಳಿದ ಹತ್ತು ಯಾವ ಕಡೆಗೆ ತಪ್ಪಿತು ಅಂತ ಕೇಳಿದವರಿಲ್ಲ. ಹವಳದಲ್ಲಿ ಅದನ್ನೇ ಕೇಳಬೇಕು. ನೀರಿನಾಳದಲ್ಲಿ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ನಮ್ಮ ಕರಾವಳಿಯ ನೀರು ಬೇಗ ಕಲಕುತ್ತದೆ. ಸತ್ತ ಹವಳದ ಮೇಲೆ ಪಾಚಿ ಕಟ್ಟಿದರೆ ಕಣ್ಣಿಗೂ ಮೋಸ. ಆಸ್ಟ್ರೇಲಿಯಾದ ತಿಳಿನೀರಿನ ಫೋಟೊದಲ್ಲಿ ಕಲಿತ ಮಾಡೆಲ್ ಇಲ್ಲಿ ಸತ್ತದ್ದನ್ನು ಜೀವಂತ ಎಂದೇ ಎಣಿಸುತ್ತಾ ಹೋದರೆ, ಲಕ್ಷ ಫೋಟೊ ಸುರಿದರೂ ತಪ್ಪು ಕರಗದು. ಸೇರೇ ತಪ್ಪಿದ್ದರೆ ಹತ್ತು ಸಲ ಅಳೆದು ಏನು ಪ್ರಯೋಜನ?

ಇದು ಬರೀ ಲೆಕ್ಕದ ಜಗಳ ಅಲ್ಲ. ನಮ್ಮ ಹಳೇ ಬಂದರಿನಿಂದ ಮಂಜಿಗಳು ಸಾಮಾನು ಹೊತ್ತು ಹೋಗುವ ಲಕ್ಷದ್ವೀಪವನ್ನು ಅಲೆಗಳಿಂದ ಕಾಯುವುದು ಹವಳದ ದಂಡೆಯೇ. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿತು. 2022ರ ಹೊತ್ತಿಗೆ ಹೊದಿಕೆ 1998ರ ಸುಮಾರು ಅರ್ಧಕ್ಕೆ ಇಳಿದಿತ್ತು. ಇದು ಗೊತ್ತಾದದ್ದು ಎಐನಿಂದಲ್ಲ. ಸಂಶೋಧಕರು ಎರಡು ದಶಕ ಮತ್ತೆ ಮತ್ತೆ ಅಲ್ಲಿ ಮುಳುಗಿ ಎಣಿಸಿದ್ದರಿಂದ. 2024ರ ಏಪ್ರಿಲ್‌ನಲ್ಲಿ ನಾಲ್ಕನೇ ಜಾಗತಿಕ ಬಿಳಿಚುವಿಕೆ ಘೋಷಣೆಯಾಯಿತು.

ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. ನೌಕಾಪಡೆಯ ಗುಂಡಿನ ಅಭ್ಯಾಸ ಕಂಡ ದ್ವೀಪಕ್ಕೆ ಈಗ ಪ್ರವಾಸಿಗರು. ವನ್ಯಜೀವಿ ಕಾಯ್ದೆ 2001ರಿಂದ ಕಲ್ಲು ಹವಳಗಳನ್ನು ಹುಲಿ ಇರುವ ಮೊದಲ ಪರಿಚ್ಛೇದಕ್ಕೇ ಸೇರಿಸಿದೆ. ಹುಲಿಗಣತಿ ಕೇಳುವ ನಾವು ಹವಳಗಣತಿ ಯಾಕೆ ಕೇಳಬಾರದು?

ಡೈವಿಂಗ್ ದೋಣಿಗಳು ಹೇಗೂ ಹೋಗ್ತವೆ. ನಿಗದಿತ ಜಾಗಗಳಲ್ಲಿ, ಸೀಸನ್ನಿನ ಆರಂಭಕ್ಕೊಮ್ಮೆ ಕೊನೆಗೊಮ್ಮೆ, ಒಂದೇ ಕ್ರಮದಲ್ಲಿ ಫೋಟೊ ತೆಗೆಯಲಿ. ಒಂದು ಪಾಲನ್ನು ಇಲ್ಲಿನ ಹವಳ ಬಲ್ಲವರು ಕಣ್ಣಾರೆ ಪರೀಕ್ಷಿಸಲಿ. ಮೂಲ ಫೋಟೊ, ಗುರುತು ಎರಡೂ ಸಾರ್ವಜನಿಕವಾಗಿರಲಿ. ನಾಳೆ ಯಾವುದೋ ಯೋಜನೆಯ ವರದಿ 'ಹವಳ ಕ್ಷೇಮ, ಎಐ ಹೇಳಿದೆ' ಎಂದರೆ, ಫೋಟೊ ತೋರಿಸಿ ಎಂದು ನಾವು ಕೇಳುವಂತಿರಬೇಕು.